ತಲೆ ತಗ್ಗಿಸಿ ನುಂಗುವುದು

ಫೆಬ್ರವರಿ 6, ಬೆಳಿಗ್ಗೆ

ಇಂದೂ ಟೀ ಚಮಚದಲ್ಲೇ. ಟೀ ಅನ್ನುವುದು ಬರೀ ಮರ್ಯಾದೆಗೆ. ಆಸ್ಪತ್ರೆಯವರು ಕೊಟ್ಟ ಪುಡಿ ಹಾಕಿ ಗಟ್ಟಿ ಮಾಡಿದ ಮೇಲೆ ಅದು ಗೋಂದು. ಚುನಾವಣೆಯ ಪೋಸ್ಟರ್ ಅಂಟಿಸಬಹುದು.

ಸ್ಟ್ರೋಕ್ ಆದಾಗ ಎಡಗೈ ಹೋಗಿತ್ತು, ಬಂತು. ಮಾತು ಹೋಗಿತ್ತು, ಅದೂ ಬಂತು. ಹೋದದ್ದಕ್ಕಿಂತ ಹೆಚ್ಚೇ ಬಂತು ಅಂತ ಹೆಂಡತಿಯ ದೂರು. ಗಂಟಲು ಮಾತ್ರ ಇನ್ನೂ ರಜೆಯಲ್ಲಿದೆ. ನುಂಗುವ ಹೊತ್ತಿಗೆ ಉಸಿರಿನ ದಾರಿ ಮುಚ್ಚಿಕೊಳ್ಳಬೇಕಂತೆ. ನನ್ನದು ತಡವಾಗಿ ಮುಚ್ಚುತ್ತದೆ. ಅಷ್ಟರಲ್ಲಿ ನೀರು ಒಳಗೆ ನುಗ್ಗಿ ಶ್ವಾಸಕೋಶ ಸೇರುತ್ತದೆ. ನಮ್ಮ ನಗರಸಭೆಯ ಕೆಲಸದ ಹಾಗೆ — ಎಲ್ಲ ನಡೆಯುತ್ತದೆ, ಆಗಬೇಕಾದ ಹೊತ್ತಿಗೆ ಅಲ್ಲ.

ಥೆರಪಿಸ್ಟ್ ಇನ್ನೂ ಚಿಕ್ಕ ವಯಸ್ಸಿನವರು. ಹೆಂಡತಿ ಇಟ್ಟ ಹೆಸರು ‘ನುಂಗೋ ಟೀಚರ್’.

“ಗದ್ದ ಎದೆಗೆ ತಾಗಲಿ ಸರ್. ತಲೆ ತಗ್ಗಿಸಿ ನುಂಗಿ.”

“ಬೇರೆ ಮಾತು ಸಿಗಲಿಲ್ವಾ ಮೇಡಂ?”

“ಯಾವುದಕ್ಕೆ?”

“ತಲೆ ತಗ್ಗಿಸೋದಕ್ಕೆ.”

ನಕ್ಕರು. “ಕತ್ತು ಬಗ್ಗಿಸಿ ಅಂದ್ರೆ ನುಂಗ್ತೀರಾ?”

ಹೆಂಡತಿ ಬಾಯಿ ಹಾಕಿದಳು: “ಮದುವೆಯಾದಾಗಿಂದ ಪ್ರಯತ್ನ ಪಡ್ತಾನೇ ಇದೀನಿ ಮೇಡಂ. ನಿಮ್ಮ ಕೈಲಾದ್ರೆ ನೋಡಿ.”

ಫೆಬ್ರವರಿ 11

ನುಂಗುವುದನ್ನೇ ಎಕ್ಸ್‌ರೇಯಲ್ಲಿ ತೋರಿಸಿದರು. ಮದ್ದು ಬೆರೆಸಿದ ನೀರು ಪರದೆಯ ಮೇಲೆ ಕಪ್ಪು ಗೆರೆಯಾಗಿ ಇಳಿಯಿತು. ತಲೆ ನೆಟ್ಟಗಿಟ್ಟಾಗ ಗೆರೆ ಮುಂದಿನ ಕೊಳವೆಗೆ ಜಾರಿತು, ಉಸಿರಿನದಕ್ಕೆ. ತಲೆ ತಗ್ಗಿಸಿದಾಗ ಹಿಂದಿನದಕ್ಕೆ, ಅನ್ನದ ದಾರಿಗೆ. ವಾದಿಸಲು ಜಾಗವೇ ಇರಲಿಲ್ಲ. ಅದೇ ಸಿಟ್ಟು.

“ಎಲ್ಲರಿಗೂ ಇದು ಕೆಲಸ ಮಾಡಲ್ಲ ಸರ್, ನಿಮಗೆ ಮಾಡ್ತಿದೆ. ಆದ್ರೆ ಕೆಮ್ಮು ಬಂದ್ರೆ ತಡೀಬೇಡಿ, ಯಾರೇ ಎದುರಿಗಿರಲಿ. ಒಳಗೆ ಹೋದದ್ದನ್ನ ಹೊರಗೆ ಹಾಕೋಕೆ ಇರೋದು ಅದೊಂದೇ.”

ಹೂಂ ಅಂದೆ.

ಫೆಬ್ರವರಿ 15

ಭಾವಮೈದ ಬಂದಿದ್ದ. ಗಂಜಿಯ ಮುಂದೆ ಗದ್ದ ಊರಿ ಕೂತದ್ದನ್ನು ನೋಡಿ, “ಏನ್ ಭಾವ, ತಟ್ಟೆ ಹತ್ರ ಕ್ಷಮೆ ಕೇಳ್ತಿದೀರಾ?” ಅಂದ. ತಮಾಷೆಯೇ. ಕೆಟ್ಟವನಲ್ಲ. ಅಕ್ಕನಿಂದ ಬೈಸಿಕೊಂಡ.

ಇಂದಿನಿಂದ ಊಟ ಒಳಕೋಣೆಯಲ್ಲಿ, ಬಾಗಿಲು ಹಾಕಿಕೊಂಡು. ಹೆಂಡತಿ ಒಬ್ಬಳೇ ಒಳಗೆ. ಪುಡಿ ಅಳೆದು ಹಾಕುತ್ತಾಳೆ, ಕಲಸುತ್ತಾಳೆ, ಚಮಚ ಓರೆ ಮಾಡಿ ನೋಡುತ್ತಾಳೆ — ಜೇನಿನ ಹಾಗೆ ನಿಧಾನ ಇಳಿಯಬೇಕಂತೆ. ತುಟಿಯಂಚಿನಲ್ಲಿ ಜಾರಿದ್ದನ್ನು ಒರೆಸುತ್ತಾಳೆ. ಆಗ ಅವಳ ಮುಖ ನೋಡಲು ಆಗುವುದಿಲ್ಲ.

ಫೆಬ್ರವರಿ 23, ಸಂಜೆ

ನಮ್ಮ ಬೀದಿಯ ಫುಟ್‌ಪಾತ್ ದುರಸ್ತಿಯ ಸಭೆ. ನಗರಸಭೆಯ ಎಂಜಿನಿಯರ್ ಖುದ್ದಾಗಿ ಬಂದಿದ್ದರು. ಹೋಗಬೇಡಿ ಅಂದಳು ಹೆಂಡತಿ, ಹೋದೆ. ಭಾವಮೈದ ಸ್ಕೂಟರಿನಲ್ಲಿ ಕರೆದೊಯ್ದ.

ಚೆನ್ನಾಗಿಯೇ ಮಾತಾಡಿದ್ದಾಯಿತು. ಚಪ್ಪಡಿ ಕಿತ್ತದ್ದು ಯಾರ ಕಾಲದಲ್ಲಿ, ‘ಮುಂದಿನ ತಿಂಗಳು’ ಅಂದವರು ಯಾರು ಯಾರು, ಅವರಲ್ಲಿ ಬಡ್ತಿ ಪಡೆದವರು ಯಾರು. ಕಾಲು ಮುರಿದುಕೊಂಡ ದರ್ಜಿಯ ಹೆಂಡತಿಯ ವಿಷಯ. ಎಂಜಿನಿಯರ್ ನೆಲ ನೋಡುತ್ತಿದ್ದರು.

ಆಮೇಲೆ ಟೀ. ಅವರೇ ಕಪ್ ತಂದು ಕೈಗಿಟ್ಟರು. “ತಗೊಳ್ಳಿ ಹಿರಿಯರೇ. ಇಷ್ಟು ಬೈದು ಗಂಟಲು ಒಣಗಿರುತ್ತೆ.”

ನಿಜವಾದ ಟೀ. ತೆಳ್ಳಗೆ, ಬಿಸಿ. ಬೇಡ ಅನ್ನಬಹುದಿತ್ತು. ಎಲ್ಲ ಬಿಟ್ಟು ಈ ಮನುಷ್ಯನೆದುರು ಬೇಡ ಅನ್ನುವುದೇ? ಅವರು ಕೊಟ್ಟ ಕಪ್ಪಿಗೆ ತಲೆ ತಗ್ಗಿಸುವುದೇ? ನೆಟ್ಟಗೆ ಕೂತು ಕುಡಿದದ್ದಾಯಿತು, ಪೂರ್ತಿ. ಕೆಮ್ಮು ಒತ್ತಿಕೊಂಡು ಬಂತು. ಹಲ್ಲು ಕಚ್ಚಿ ಹಿಡಿದೆ. ಕಣ್ಣಲ್ಲಿ ನೀರು. “ಪಾಪ, ಫುಟ್‌ಪಾತ್ ಅಂದ್ರೆ ಎಷ್ಟು ಭಾವುಕರಾಗ್ತಾರೆ” ಅಂತ ಯಾರೋ ಪಿಸುಗುಟ್ಟಿದರು.

ಮನೆಗೆ ಬಂದಾಗ, “ಏನಾದ್ರೂ ಕುಡಿದ್ರಾ?” ಅಂದಳು.

ಇಲ್ಲ ಅಂದೆ.

ಫೆಬ್ರವರಿ 25

ಚಳಿ. ಎದೆಯಲ್ಲಿ ಗೊರಗೊರ. ಬರೆಯಲು...

ಮಾರ್ಚ್ 5, ಆಸ್ಪತ್ರೆ

ಪೆನ್ನು ಹಿಡಿಯಲು ಇಂದು ಸಾಧ್ಯವಾಯಿತು. ನ್ಯುಮೋನಿಯಾ. ಐಸಿಯುವಿನಿಂದ ವಾರ್ಡಿಗೆ ತಂದು ಎರಡು ದಿನವಂತೆ.

ಬೆಳಿಗ್ಗೆ ರೌಂಡ್ಸಿಗೆ ಬಂದ ಡಾಕ್ಟರು ಹೆಂಡತಿಯನ್ನು ಕೇಳಿದರು: “ಹೇಳಿದ ಹಾಗೇ ಕೊಡ್ತಿದ್ರಾ? ತೆಳುವಾಗಿ ಏನಾದ್ರೂ ಕುಡಿದ್ರಾ?”

ಹೆಂಡತಿ ಅಂದಳು: “ನಂದೇ ತಪ್ಪು ಡಾಕ್ಟ್ರೇ. ಒಂದಿನ ಪುಡಿ ಕಮ್ಮಿ ಹಾಕ್ಬಿಟ್ಟೆ ಅನ್ಸುತ್ತೆ.”

ಮಗಳು ಅಲ್ಲೇ ಇದ್ದಳು. “ಅಮ್ಮಾ! ಒಂದು ಪುಡಿ ಅಳೆಯೋಕೆ ಬರಲ್ವಾ ನಿಂಗೆ? ಅಪ್ಪ ಹೋಗ್ಬಿಟ್ಟಿದ್ರೆ?”

ಹೆಂಡತಿ ಸೀರೆಯ ಸೆರಗನ್ನು ಬೆರಳಿಗೆ ಸುತ್ತುತ್ತಿದ್ದಳು.

ಮೂಗಿಗೆ ಆಮ್ಲಜನಕದ ಕೊಳವೆ ಇತ್ತು ನಿಜ. ಬಾಯಿ ಖಾಲಿಯೇ ಇತ್ತು. ದರ್ಜಿಯ ಹೆಂಡತಿಯ ಕಾಲಿಗೆ ನ್ಯಾಯ ಕೇಳಿದ ಬಾಯಿ. ತೆರೆಯಲಿಲ್ಲ.

ಮಾರ್ಚ್ 6

ನಾಚಿಕೆ ಇಷ್ಟಕ್ಕೇ ನಿಲ್ಲಲಿಲ್ಲ. ಡಾಕ್ಟರ ಲೆಕ್ಕ ಹೀಗೆ: ತಲೆ ತಗ್ಗಿಸಿ ನುಂಗಿಯೂ, ಒಂದು ದಿನ ಪುಡಿ ಕಮ್ಮಿಯಾದದ್ದಕ್ಕೇ ಹೀಗಾಯಿತು. ಅಂದರೆ ಈ ದಾರಿಯನ್ನು ನಂಬುವಂತಿಲ್ಲ. ಸದ್ಯಕ್ಕೆ ಹೊಟ್ಟೆಗೇ ಟ್ಯೂಬ್ ಹಾಕೋಣ. ಬಾಯಿಗೆ ಏನೂ ಬೇಡ. ನಾಳೆ ಬೆಳಿಗ್ಗೆ ತೀರ್ಮಾನ.

ಮಗಳ ಲೆಕ್ಕ: “ಟ್ಯೂಬಿಗೂ ನರ್ಸ್ ಇಡೋಣ. ಅಮ್ಮನ ಕೈಗೆ ಬೇಡ.”

ನುಂಗೋ ಟೀಚರ್ ಮಧ್ಯಾಹ್ನ ಬಂದರು. ಚಾರ್ಟ್ ತಿರುವಿದರು. “ಎಕ್ಸ್‌ರೇಯಲ್ಲಿ ಅಷ್ಟು ಚೆನ್ನಾಗಿ ಆಗಿತ್ತಲ್ಲ, ಯಾಕೆ ಹೀಗಾಯ್ತು?” ತಮಗೆ ತಾವೇ ಹೇಳಿಕೊಂಡರು. ತಮ್ಮದೇ ಏನೋ ತಪ್ಪಿರಬೇಕು ಅನ್ನುವ ಮುಖ. ಅವರಿಗೂ ಹೇಳಲಿಲ್ಲ.

ಸಂಜೆ ಹೆಂಡತಿ ಒಬ್ಬಳೇ ಇದ್ದಾಗ ಬಾಯಿಬಿಟ್ಟದ್ದು: “ಆ ದಿನ ಸಭೇಲಿ...”

“ಗೊತ್ತು. ತಮ್ಮ ಅವತ್ತೇ ಹೇಳಿದ. ಪೂರ್ತಿ ಕಪ್ ಕುಡಿದ್ರಂತೆ.”

“ಮತ್ತೆ ಡಾಕ್ಟರ ಹತ್ರ ಯಾಕೆ ಹಾಗಂದೆ?”

ಹೊದಿಕೆ ಸರಿಮಾಡಿದಳು. “ಮಗಳ ಮುಂದೆ ಇನ್ನೇನು ಹೇಳ್ಲಿ? ಒಂದು ಟೀಗೆ ತಲೆ ತಗ್ಗಿಸದೋರು, ಅವಳ ಬಾಯಲ್ಲಿ ಆ ಮಾತು ಕೇಳಿ ಬದುಕ್ತಿದ್ರಾ?”

ವ್ಯಂಗ್ಯವಲ್ಲ. ಆಗಿದ್ದರೆ ತಡೆದುಕೊಳ್ಳಬಹುದಿತ್ತು.

ಮಾರ್ಚ್ 7, ಬೆಳಿಗ್ಗೆ

ರೌಂಡ್ಸ್ ಶುರುವಾಗಿದೆ. ಆಚೆ ತುದಿಯ ಮಂಚದ ಹತ್ತಿರ ಡಾಕ್ಟರ ದನಿ. ಮಗಳು ಬಾಗಿಲಲ್ಲಿ ಫೋನಿನಲ್ಲಿ ನರ್ಸ್ ವಿಚಾರಿಸುತ್ತಿದ್ದಾಳೆ. ಹೆಂಡತಿ ಫ್ಲಾಸ್ಕ್ ತೊಳೆಯಲು ಹೋಗಿದ್ದಾಳೆ. ಈಗಲೇ ಹೇಳಬೇಕು. ಹೇಳದಿದ್ದರೆ ಟ್ಯೂಬ್ — ಮಾಡದ ತಪ್ಪು ಅವಳ ಹೆಸರಿಗೆ.

ಮೊದಲ ವಾಕ್ಯ ಬರೆದಿಟ್ಟುಕೊಳ್ಳೋಣ, ತಡವರಿಸಬಾರದು.

‘ಡಾಕ್ಟರೇ, ನನ್ನ ಹೆಂಡತಿ ನಿಮಗೆ ಸುಳ್ಳು ಹೇಳಿದಳು.’ ಛೆ. ಇದೂ ಅವಳ ತಲೆಗೇ.

‘ಎಂಜಿನಿಯರ್ ಒತ್ತಾಯ ಮಾಡಿ ಟೀ ಕೊಟ್ಟರು.’ ಒತ್ತಾಯ ಎಲ್ಲಿತ್ತು?

‘ಸಭೆಯಲ್ಲಿ ಒಂದು ಅಚಾತುರ್ಯ ನಡೆದು...’ ಇಂಥ ವಾಕ್ಯ ಬರೆದ ಅಧಿಕಾರಿಗಳನ್ನು ಪತ್ರಿಕೆಯಲ್ಲಿ ಎಷ್ಟು ಸಲ ಜಾಡಿಸಿದ್ದಿಲ್ಲ. ಯಾರೂ ಮಾಡದೆ ತಾನಾಗಿ ನಡೆಯುವ ತಪ್ಪು.

ಪಕ್ಕದ ಮಂಚಕ್ಕೆ ಬಂದರು. ಹೆಂಡತಿಯೂ ಬಂದಳು, ಕೈ ಒದ್ದೆ. ಹೇಗೆ ಶುರುಮಾಡಬೇಕೆಂದು ಗೊತ್ತಿದೆ. ಒಂದೇ ಪದ. ಅದು

ನಾನು