ಏರಿನಲ್ಲಿ ಆರಿಹೋಗುವ ಕಾರು, ತಡೆಹಿಡಿದ ಲೈಸೆನ್ಸು

ವಾಹನ ದೂರುಗಳ ವಿಚಾರಣಾಧಿಕಾರಿಗಳಿಗೆ,

ಮಾನ್ಯರೇ,

ದೂರು ಕೊಟ್ಟವನು ನಾನು. ಕೊಟ್ಟಿದ್ದು ಒಂದು ಹೊಸ ಎಲೆಕ್ಟ್ರಿಕ್ ಕಾರಿನ ಮೇಲೆ, ಅದನ್ನು ಮಾರಿದ ಡೀಲರ್ ಮೇಲೆ. ಶಿಕ್ಷೆಯಾದದ್ದು ಮಾತ್ರ ಅದರಲ್ಲಿ ಡ್ರೈವಿಂಗ್ ಕಲಿಯುತ್ತಿದ್ದ ಒಬ್ಬ ನರ್ಸಿಗೆ. ಇದು ಯಾವ ಲೆಕ್ಕದ ನ್ಯಾಯ ಎಂದು ಕೇಳಿ ಮುಚ್ಚಿದ ಲಕೋಟೆಯಲ್ಲಿ ಮೂರು ಪತ್ರ ಕಳಿಸಿದೆ. ಅವು ನಿಮ್ಮ ಟಪಾಲು ವಿಭಾಗದಲ್ಲಿ ಸುಖವಾಗಿ ನಿದ್ರಿಸುತ್ತಿವೆ ಎಂದು ನಂಬಿದ್ದೇನೆ. ಆದ್ದರಿಂದ ನಾಲ್ಕನೆಯದನ್ನು ನಾಲ್ಕು ಜನ ಓದುವ ಹಾಗೆ ಬರೆಯುತ್ತಿದ್ದೇನೆ.

ನಾನು ಇಪ್ಪತ್ತಾರು ವರ್ಷಗಳಿಂದ ಡ್ರೈವಿಂಗ್ ಕಲಿಸುತ್ತಿದ್ದೇನೆ. ನನ್ನ ಶಾಲೆ ಎಂದರೆ ಒಂದು ಕೋಣೆ, ಗೋಡೆಯ ಮೇಲೆ ರಸ್ತೆ ಚಿಹ್ನೆಗಳ ಚಾರ್ಟು, ಒಂದು ಕಾಲು ಅಲ್ಲಾಡುವ ಮೇಜು ಮತ್ತು ಹೊರಗೆ ನಿಂತ ಕಾರು. ಈಚೆಗೆ ಕಲಿಯಲು ಬರುವವರೆಲ್ಲ ಗೇರಿಲ್ಲದ ಕಾರೇ ಬೇಕು ಎನ್ನುತ್ತಾರೆ. ಹಾಗಾಗಿ ಹಳೆಯದನ್ನು ಕೊಟ್ಟು ಈ ಹೊಸ ಕಾರು ತಂದೆ. ಷೋರೂಮಿನ ಸೇಲ್ಸ್‌ಮನ್ ಅವತ್ತು ಬಲು ಉಲ್ಲಾಸದಲ್ಲಿದ್ದ. "ಇದು ಬಂದ್ ಬೀಳೋ ಗಾಡೀನೇ ಅಲ್ಲ ಮೇಷ್ಟ್ರೇ. ಕ್ಲಚ್ಚೂ ಇಲ್ಲ, ಗೇರೂ ಇಲ್ಲ. ಇನ್ನು ನಿಮಗೇನು ಕೆಲಸ ಉಳಿಯುತ್ತೆ ಅಂತಾನೇ ನನಗೆ ಯೋಚನೆ" ಎಂದ. ನಾನೂ ನಕ್ಕೆ. ಪಕ್ಕದ ಸೀಟಿನಲ್ಲಿ ಕೂರುವ ನನಗಾಗಿ ಎರಡನೆಯ ಬ್ರೇಕ್ ಪೆಡಲನ್ನು ಅವರದೇ ವರ್ಕ್‌ಷಾಪಿನಲ್ಲಿ ಕೂರಿಸಿಕೊಟ್ಟರು. ಈ ಮಾತು ನೆನಪಿರಲಿ, ಮುಂದೆ ಬೇಕಾಗುತ್ತದೆ.

ನನ್ನ ಪಾಠದಲ್ಲಿ ಎಲ್ಲಕ್ಕಿಂತ ಕಷ್ಟದ್ದು ಏರು. ನೀರಿನ ಟ್ಯಾಂಕಿನ ಪಕ್ಕದ ರಸ್ತೆಯಲ್ಲಿ ಅರ್ಧ ಏರಿಸಿ ನಿಲ್ಲಿಸುವುದು, ಹಿಂದಕ್ಕೆ ಜಾರದ ಹಾಗೆ ಮತ್ತೆ ಹೊರಡುವುದು, ಮತ್ತೆ ನಿಲ್ಲಿಸುವುದು. ಒಂದು ಪಾಠದಲ್ಲಿ ಹತ್ತು ಹನ್ನೆರಡು ಸಲ. ಎರಡನೇ ವಾರದಲ್ಲೇ ಕಾರು ಅಲ್ಲಿ ಕೈಕೊಟ್ಟಿತು. ನಾಲ್ಕೈದು ಸಲ ನಿಲ್ಲಿಸಿ ಹೊರಡುವಷ್ಟರಲ್ಲಿ ಮುಂದಿನ ಪರದೆ ಪೂರ್ತಿ ಕಪ್ಪಾಯಿತು, ಏರಿನಲ್ಲಿ ತಾನಾಗಿ ಹಿಡಿದು ನಿಲ್ಲಬೇಕಾದ ಕಾರು ಹಿಡಿತ ಬಿಟ್ಟಿತು, ಬ್ರೇಕ್ ಪೆಡಲು ಒಂದು ಕಾಲಿಗೆ ಇಳಿಯದಷ್ಟು ಗಟ್ಟಿಯಾಗಿ ಕಲ್ಲಾಯಿತು. ಹತ್ತು ನಿಮಿಷ ಬಿಟ್ಟು ಬಟನ್ ಒತ್ತಿದರೆ ಏನೂ ಆಗಿಲ್ಲವೆಂಬಂತೆ ಮೆಲ್ಲಗೆ ಗುಂಯ್‌ಗುಟ್ಟಿ ಹೊರಟಿತು.

ಈಗ ನನ್ನ ತಪ್ಪನ್ನು ಹೇಳಬೇಕು. ಅದನ್ನು ನೀವು ಹೇಗೂ ನಿಮ್ಮ ಆದೇಶದಲ್ಲಿ ಮುದ್ರಿಸಿ ಹಂಚಿದ್ದೀರಿ, ನನ್ನ ಬಾಯಿಂದಲೂ ಬರಲಿ. ಇಪ್ಪತ್ತಾರು ವರ್ಷ ಪಕ್ಕದ ಸೀಟಿನಲ್ಲಿ ಕೂತವನಿಗೆ ಒಂದು ರೋಗ ಅಂಟಿಕೊಳ್ಳುತ್ತದೆ. ಕಾರು ನಿಂತರೆ ಅವನು ಕಾರನ್ನು ನೋಡುವುದಿಲ್ಲ, ಕಲಿಯುವವರ ಕಾಲನ್ನು ನೋಡುತ್ತಾನೆ. ನನ್ನ ಬಳಿ ಉದ್ದನೆಯ ಒಂದು ನೋಟ್‌ಬುಕ್ಕಿದೆ. ಪ್ರತಿ ಪಾಠದ ಕೊನೆಗೆ ಯಾರು ಎಲ್ಲಿ ತಪ್ಪಿದರು ಎಂದು ಒಂದು ಸಾಲು ಬರೆಯುತ್ತೇನೆ. ಕಾರು ಮೊದಲ ಸಲ ಆರಿದಾಗ ಬರೆದೆ: "ಮೊಣಕಾಲು ಬಟನ್ನಿಗೆ ತಗುಲಿತು." ಅಂದು ಕಲಿಯುತ್ತಿದ್ದಾತ ಬಡಗಿ, ಆರಡಿ ಮೀರಿದ ಆಳು. ಸೀಟು ಹಿಂದೆ ಸರಿಸಿ ಕೂರಿಸಿದೆ. ಎರಡನೇ ಸಲ: "ಗಾಬರಿ. ಬ್ರೇಕ್ ಬೇಗ ಬಿಟ್ಟರು." ಹೀಗೆ ಏಳು ಸಲ, ಏಳು ಜನರ ತಲೆ ಮೇಲೆ ಗೂಬೆ ಕೂರಿಸಿದೆ. ಕಾರು ಹೊಸದು, ಕಲಿಯುವವರೂ ಹೊಸಬರು. ಇಬ್ಬರಲ್ಲಿ ಒಬ್ಬರನ್ನು ಅನುಮಾನಿಸಬೇಕಾದಾಗ ನಾನು ಮನುಷ್ಯರನ್ನು ಆರಿಸಿಕೊಂಡೆ.

ಎಂಟನೆಯವರು ನರ್ಸಮ್ಮ. ಐವತ್ತೊಂದು ವಯಸ್ಸು. ಹಾಸಿಗೆ ಹಿಡಿದವರ ಮನೆಮನೆಗೆ ಹೋಗಿ ಗಾಯಕ್ಕೆ ಪಟ್ಟಿ ಕಟ್ಟುವ, ಟ್ಯೂಬು ಬದಲಾಯಿಸುವ ಕೆಲಸ. ಈವರೆಗೆ ಎರಡು ಬಸ್ಸು ಬದಲಿಸಿ ಓಡಾಡುತ್ತಿದ್ದರು. ಈಗ ಆಸ್ಪತ್ರೆಯವರು ಒಂದು ಚಿಕ್ಕ ಕಾರು ಕೊಡುತ್ತಾರಂತೆ, ಆದರೆ ಮುಂದಿನ ತಿಂಗಳ ಕೊನೆಯೊಳಗೆ ಲೈಸೆನ್ಸ್ ತೋರಿಸಬೇಕು. ತೋರಿಸದಿದ್ದರೆ ಔಷಧಿ ದಾಸ್ತಾನಿನ ಕೋಣೆಯಲ್ಲಿ ಡಬ್ಬಿ ಎಣಿಸುವ ಕುರ್ಚಿ. "ಇಪ್ಪತ್ತೆಂಟು ವರ್ಷದಿಂದ ಜನರ ಮಧ್ಯೆ ಇದೀನಿ ಮೇಷ್ಟ್ರೇ, ಡಬ್ಬಿಗಳ ಜೊತೆ ಏನು ಮಾತಾಡ್ಲಿ?" ಎಂದಿದ್ದರು ಮೊದಲ ದಿನ. ಕೈ ನಡುಗಿಸದೆ ಸೂಜಿ ಚುಚ್ಚುವ ಆಕೆಗೆ ಸ್ಟೀರಿಂಗ್ ಹಿಡಿದರೆ ಅಂಗೈ ಬೆವರುತ್ತಿತ್ತು. ಮೂರು ವಾರದಲ್ಲಿ ಆ ಬೆವರು ನಿಂತಿತ್ತು.

ಅಂದು ಮಧ್ಯಾಹ್ನ ಟ್ಯಾಂಕಿನ ಏರಿನಲ್ಲಿ ಆಕೆ ಅಚ್ಚುಕಟ್ಟಾಗಿ ನಿಲ್ಲಿಸಿ ಹೊರಡುತ್ತಿದ್ದರು. ಐದನೇ ಸಲ ಪರದೆ ಕಪ್ಪಾಯಿತು. ಕಾರು ಹಿಂದಕ್ಕೆ ಹೊರಟಿತು. ಕನ್ನಡಿಯಲ್ಲಿ ನೋಡಿದರೆ ಹಿಂದೆ ಮಕ್ಕಳ ತಳ್ಳುಗಾಡಿಯಲ್ಲಿ ಮಗುವನ್ನು ಕೂರಿಸಿಕೊಂಡು ರಸ್ತೆ ದಾಟುತ್ತಿರುವ ಒಬ್ಬ ಅಜ್ಜ. ನಾನು ಎರಡೂ ಕಾಲು ಹಾಕಿ, ಸೀಟಿಗೆ ಬೆನ್ನು ಒತ್ತಿ, ನನ್ನ ಕಡೆಯ ಪೆಡಲನ್ನು ತುಳಿದೆ. ಕಾರು ನಿಂತಿತು. ತಳ್ಳುಗಾಡಿಗೂ ನಮಗೂ ಮಧ್ಯೆ ಒಂದು ಮೊಳ ಜಾಗವಿತ್ತು. ಆ ಅಜ್ಜ ನಮ್ಮನ್ನು ಬೈಯಲಿಲ್ಲ, ತಳ್ಳುಗಾಡಿಯನ್ನು ರಸ್ತೆಯಂಚಿಗೆ ಎಳೆದುಕೊಂಡರು. ಬೈದವನು ನಾನು. "ಎಷ್ಟು ಸಲ ಹೇಳ್ಬೇಕು ನಿಮಗೆ? ಕಾಲು ಎಲ್ಲಿಟ್ಟಿದ್ರಿ?" ಎಂದೆ. ಆಕೆ ಬಿಳಿಚಿಕೊಂಡಿದ್ದರು. "ಬ್ರೇಕ್ ಮೇಲೇ ಇಟ್ಟಿದ್ದೆ ಮೇಷ್ಟ್ರೇ" ಎಂದರು. "ಇಟ್ಟಿದ್ರೆ ಯಾಕೆ ಜಾರುತ್ತೆ?" ಎಂದೆ. ಆಕೆ ಬಾಗಿಲು ತೆಗೆದು ಇಳಿದರು, ಬ್ಯಾಗು ತೆಗೆದುಕೊಂಡರು, ಏರನ್ನು ಇಳಿದು ನಡೆದೇ ಹೋದರು. ನಾನು ಅಲ್ಲೇ ನೋಟ್‌ಬುಕ್ ತೆಗೆದು "ತೀವ್ರ ಗಾಬರಿ. ಚಾಲಕಿಯ ತಪ್ಪು" ಎಂದು ಬರೆದೆ.

ಆಮೇಲೆ ಕಾರನ್ನು ಮನೆಗೆ ಒಯ್ಯಲು ನಾನೇ ಸ್ಟೀರಿಂಗ್ ಹಿಡಿದೆ. ಏರಿನ ಮೇಲೆ ಯಾರದೋ ಲಾರಿಯಿಂದ ಸಾಮಾನು ಇಳಿಸುತ್ತಿದ್ದರು, ವಾಹನಗಳು ಸಾಲುಗಟ್ಟಿದ್ದವು. ನಿಂತೆ, ಸ್ವಲ್ಪ ಮುಂದೆ ಹೋದೆ, ನಿಂತೆ, ಮತ್ತೆ ಸ್ವಲ್ಪ. ಐದನೇ ಸಲಕ್ಕೆ ಪರದೆ ಕಪ್ಪಾಯಿತು. ನನ್ನ ಕಾಲು ಬ್ರೇಕಿನ ಮೇಲೇ ಇತ್ತು. ಕಾರು ಹಿಂದಕ್ಕೆ ಜಾರಿತು. ಎರಡೂ ಕಾಲು ಹಾಕಿ ತುಳಿದು ನಿಲ್ಲಿಸಿದೆ. ಭಯಕ್ಕಿಂತ ಮೊದಲು ಬಂದದ್ದು ನಾಚಿಕೆ. ಎಂಟು ಜನ ಹೇಳಿದ ಸತ್ಯವನ್ನು ಸುಳ್ಳೆಂದು ನನ್ನ ಕೈಯಾರೆ ಬರೆದಿಟ್ಟಿದ್ದೆ.

ಮರುದಿನ ಡೀಲರ್ ಬಳಿ ಹೋದೆ. ಸರ್ವೀಸ್ ಮ್ಯಾನೇಜರು ಲ್ಯಾಪ್‌ಟಾಪಿನ ತಂತಿ ಚುಚ್ಚಿ ನೋಡಿ, "ಏನೂ ತೋರಿಸ್ತಿಲ್ಲ ಸರ್, ಗಾಡಿ ಪರ್ಫೆಕ್ಟ್ ಇದೆ" ಎಂದರು. ತಮ್ಮ ಅಂಗಳದಲ್ಲಿ ಎರಡು ಸುತ್ತು ಹಾಕಿ ತೋರಿಸಿದರು. ಆ ಅಂಗಳ ಕೇರಂ ಬೋರ್ಡಿನಷ್ಟು ಸಮತಟ್ಟು. "ಏರಿನಲ್ಲಿ ನೋಡಿ ಅಂತ ಅಲ್ವಾ ನಾನು ಹೇಳಿದ್ದು?" ಎಂದೆ. "ಟೆಸ್ಟ್ ಮಾಡೋ ಪದ್ಧತಿ ಇದೇ ಸರ್. ಬೇರೆ ಯಾವ ಕಸ್ಟಮರ್‌ಗೂ ಬರದ ಕಂಪ್ಲೇಂಟ್ ನಿಮಗೊಬ್ಬರಿಗೇ ಯಾಕೆ ಬರುತ್ತೆ?" ಎಂದರು. ಬೇರೆ ಯಾರು ಬೇಕೆಂದೇ ಏರಿನಲ್ಲಿ ಹನ್ನೆರಡು ಸಲ ನಿಲ್ಲಿಸುತ್ತಾರೆ? ಐದು ಸಲ ಹೋದೆ, ಐದು ಸಲವೂ ಅಂಗಳದ ಪ್ರದಕ್ಷಿಣೆ. ಕೊನೆಗೆ, ಹೆಚ್ಚುವರಿ ಪೆಡಲ್ ಹಾಕಿಸಿರುವುದರಿಂದ ವಾರಂಟಿ ಅನ್ವಯವಾಗದು ಎಂದು ಬರೆದುಕೊಟ್ಟರು. ಪೆಡಲ್ ಹಾಕಿದ ಕೈಯೂ ಆ ಕಾಗದ ಬರೆದ ಕೈಯೂ ಒಂದೇ ಛಾವಣಿಯ ಕೆಳಗಿನವು. ಎರಡಕ್ಕೂ ಪರಿಚಯವಿಲ್ಲವಷ್ಟೆ.

ಆಗ ತಮ್ಮ ಬಾಗಿಲಿಗೆ ಬಂದೆ. ನೋಟ್‌ಬುಕ್ಕನ್ನು ನಾನೇ ತಂದೆ, ಎಂಟು ಸಲ ಕಾರು ಆರಿದ್ದಕ್ಕೆ ತಾರೀಖು ಸಮೇತ ಅದೊಂದೇ ಸಾಕ್ಷಿ ಎಂದು. ಯಾಕೆ ಹಾಗೆ ಬರೆದೆ, ಯಾವಾಗ ಕಣ್ಣು ತೆರೆಯಿತು ಎಂಬುದನ್ನೂ ಹೇಳಿದೆ. ಡೀಲರ್ ಕಡೆಯ ವಕೀಲರು ಹಾಳೆ ತಿರುವಿ ಹಿಗ್ಗಿಹೋದರು. ತಾವು ಕನ್ನಡಕ ಏರಿಸಿ, "ಕೈಬರಹ ನಿಮ್ಮದೇ ತಾನೆ?" ಎಂದು ಕೇಳಿದಿರಿ. "ನನ್ನದೇ ಸಾರ್, ಆದರೆ" ಎಂದೆ. "ಅಷ್ಟು ಸಾಕು" ಎಂದಿರಿ. ನನ್ನ ಆ "ಆದರೆ" ತಮ್ಮ ಮೂರನೇ ಮಹಡಿಯ ಕೋಣೆಯಲ್ಲಿ ಇಂದಿಗೂ ತೇಲಾಡುತ್ತಿರಬೇಕು. ಅದೇ ಹೊತ್ತಿಗೆ ಕಾರು ತಮ್ಮ ಕಟ್ಟಡದ ನೆಲಮಾಳಿಗೆಯಲ್ಲೇ ನಿಂತಿತ್ತು. ಅಲ್ಲಿಂದ ರಸ್ತೆಗೆ ಹತ್ತುವ ದಾರಿ ಟ್ಯಾಂಕಿನ ಏರಿಗಿಂತ ಕಡಿದು. ಕೆಳಗೆ ಬಂದು ಒಮ್ಮೆ ನೋಡಿ ಎಂದು ಕೈಮುಗಿದೆ. ಸಮಯದ ಅಭಾವವಿತ್ತು ತಮಗೆ. ಲಿಫ್ಟ್ ಕೆಟ್ಟಿತ್ತೆಂದೂ ಕೇಳಿದೆ.

ಆದೇಶ ಬಂತು. "ದೂರುದಾರರ ಸ್ವಹಸ್ತದ ದಾಖಲೆಯಲ್ಲೇ ಚಾಲನೆಯ ತಪ್ಪೆಂದು ನಮೂದಾಗಿರುವುದರಿಂದ ವಾಹನದಲ್ಲಿ ದೋಷ ಕಂಡುಬರುವುದಿಲ್ಲ." ಕೆಳಗೆ ಸಣ್ಣ ಅಕ್ಷರದಲ್ಲಿ, ಒಂದು ಪ್ರತಿ ಲೈಸೆನ್ಸ್ ವಿಭಾಗಕ್ಕೆ, ಮುಂದಿನ ಕ್ರಮಕ್ಕಾಗಿ. ಅಬ್ಬಾ, ಆ ವಿಭಾಗದ ಚುರುಕೇ! ನನ್ನ ದೂರಿಗೆ ಮೂರು ತಿಂಗಳು ಹಿಡಿದ ಸರ್ಕಾರ ನರ್ಸಮ್ಮನ ಕಲಿಕಾ ಲೈಸೆನ್ಸನ್ನು ಮೂರೇ ದಿನದಲ್ಲಿ ತಡೆಹಿಡಿಯಿತು. "ಚಾಲಕಿಯ ತಪ್ಪು" ಎಂದು ನಾನು ಬರೆದದ್ದು ಆಕೆಯ ಸಾಲಿನಲ್ಲಿ ಮಾತ್ರ, ಅದಕ್ಕೇ ಆಕೆ ಸಾರ್ವಜನಿಕರಿಗೆ ಅಪಾಯವಂತೆ. ಅಪಾಯ ಬ್ಯಾಟರಿ ತುಂಬಿಸಿಕೊಂಡು ನನ್ನ ಶಾಲೆಯ ಮುಂದೆ ನಿಂತಿದೆ ಸ್ವಾಮಿ, ಆಕೆ ಬಸ್ ಸ್ಟಾಪಿನಲ್ಲಿ ನಿಂತಿದ್ದಾರೆ.

ಹೋದ ವಾರ ಡೀಲರ್ ತಾವಾಗಿಯೇ ಫೋನ್ ಮಾಡಿ ಕರೆಸಿದರು. ಟೀ ಕೊಟ್ಟರು, ಎಸಿ ಹಾಕಿದರು. ಒಂದು ಕಾಗದ ಮುಂದಿಟ್ಟರು. ಘಟನೆ ಕಲಿಯುತ್ತಿದ್ದವರ ತಪ್ಪಿನಿಂದ ಆದದ್ದು, ಕಾರಿನ ಬಗ್ಗೆ ನನ್ನದೇನೂ ತಕರಾರಿಲ್ಲ, ಮೇಲ್ಮನವಿ ಹೋಗುವುದಿಲ್ಲ ಎಂದು ಅದರಲ್ಲಿತ್ತು. ರುಜು ಹಾಕಿದರೆ ಬೇರೆ ಕಾರು, ಅದೇ ಬಣ್ಣದ್ದು. "ನೀವು ಆಗಲೇ ಬರೆದಿರೋದನ್ನೇ ಇನ್ನೊಂದ್ ಸಲ ಬರೀರಿ, ಅಷ್ಟೇ" ಎಂದರು. "ಈ ಕಾರನ್ನ ಏನ್ ಮಾಡ್ತೀರಿ?" ಎಂದು ಕೇಳಿದೆ. "ಅದು ನಮಗೆ ಬಿಡಿ. ತೊಳೆದು ನಿಲ್ಸಿದ್ರೆ ವಾರದಲ್ಲಿ ಹೋಗುತ್ತೆ" ಎಂದರು. ತಕ್ಷಣ ಎದ್ದು ಬಂದೆ ಎಂದು ಬರೆಯಲು ಆಸೆ. ಬರಲಿಲ್ಲ. ಕಾಗದವನ್ನು ಮಡಿಸಿ ಜೇಬಿಗಿಟ್ಟುಕೊಂಡು ಮನೆಗೆ ತಂದೆ. ಸ್ನೇಹಿತನ ಹಳೇ ಕಾರನ್ನು ಬೇಡಿ ತಂದು ಪಾಠ ನಡೆಸುತ್ತಿರುವವನಿಗೆ ಹೊಸ ಕಾರಿನ ಆಸೆ ಆಗಬಾರದೆಂದರೆ ಹೇಗೆ? ಹೆಂಡತಿ ಓದಿ ನೋಡಿದಳು. "ರುಜು ಹಾಕಿದ್ರೆ ಕಾರ್ ಬರುತ್ತೆ ರೀ, ಬರಲಿ. ಆದ್ರೆ ಆಕೆ ಬೀದೀಲಿ ಎದುರಾದ್ರೆ ನೀವು ಯಾವ ಕಡೆ ನೋಡ್ತೀರಿ?" ಎಂದು ಕಾಗದವನ್ನು ನನ್ನ ಕೈಗೇ ವಾಪಸ್ಸು ಕೊಟ್ಟಳು.

ಮರುದಿನ ಸಂಜೆ ನರ್ಸಮ್ಮನ ಮನೆಗೆ ಹೋದೆ. ಆಕೆ ಯೂನಿಫಾರ್ಮಿಗೆ ಇಸ್ತ್ರಿ ಹಾಕುತ್ತಿದ್ದರು. ನಿಂತೇ ಹೇಳಿದೆ, ತಪ್ಪು ನಿಮ್ಮದಲ್ಲ, ನನ್ನ ಕಾಲ ಕೆಳಗೂ ಹಾಗೇ ಆಯಿತು, ಬೈದದ್ದಕ್ಕೆ ಕ್ಷಮಿಸಿ ಎಂದು. ಆಕೆ ಇಸ್ತ್ರಿಪೆಟ್ಟಿಗೆಯನ್ನು ಎತ್ತಿಟ್ಟು, "ನೀವು ಒಳ್ಳೇವ್ರು ಮೇಷ್ಟ್ರೇ. ನನ್ನ ಸಮಾಧಾನಕ್ಕೆ ಹೇಳ್ತಿದೀರಿ" ಎಂದರು. ಅಲ್ಲವೆಂದೆ. "ಅಷ್ಟು ದೊಡ್ಡ ಆಫೀಸಿನವರು ವಿಚಾರಿಸಿ ಬರೆದಿದಾರಲ್ಲ. ಅವರಿಗೆ ನನ್ನ ಮೇಲೇನು ದ್ವೇಷವಾ? ಆ ಮಗು ಇನ್ನೂ ಕಣ್ಣಿಗೆ ಕಟ್ಟುತ್ತೆ ನನಗೆ. ಡಬ್ಬೀನೇ ಎಣಿಸ್ತೀನಿ ಬಿಡಿ" ಎಂದರು. ನೋಡಿದಿರಾ ಮಾನ್ಯರೇ, ಇಡೀ ಊರಿನಲ್ಲಿ ತಮ್ಮ ಆದೇಶವನ್ನು ಪೂರ್ತಿಯಾಗಿ ನಂಬಿದ ವ್ಯಕ್ತಿ ಆಕೆಯೊಬ್ಬರೇ. ಇದು ನನಗೆ ತಡೆಯಲಾಗದ ಸಂಕಟ.

ಆದ್ದರಿಂದ ಆ ಕಾಗದಕ್ಕೆ ರುಜು ಹಾಕುವುದಿಲ್ಲ, ಕಾರನ್ನು ಡೀಲರ್ ಕೈಗೆ ಕೊಡುವುದೂ ಇಲ್ಲ. ನನ್ನ ಬೇಡಿಕೆ ಚಿಕ್ಕದು. ಸೋಮವಾರ ಬೆಳಿಗ್ಗೆ ಹತ್ತೂವರೆಗೆ ಲಾರಿಯ ಮೇಲೆ ಹೇರಿಸಿಕೊಂಡು ಬಂದು ಕಾರನ್ನು ತಮ್ಮ ನೆಲಮಾಳಿಗೆಯಲ್ಲಿ ಇಳಿಸುತ್ತೇನೆ. ಅಂದು ಬಿಡುವಿಲ್ಲದಿದ್ದರೆ ಮಂಗಳವಾರ, ಇಲ್ಲದಿದ್ದರೆ ಬುಧವಾರ. ತಾವು ಮೂರು ಮಹಡಿ ಇಳಿದು ಬನ್ನಿ. ಹಿಂದೆ ಯಾರೂ ಬಾರದಂತೆ ಕಾವಲಿನವರಿಗೆ ಹೇಳಿ, ಚಾಲಕರ ಸೀಟಿನಲ್ಲಿ ತಾವೇ ಕೂತು, ಆ ಇಳಿಜಾರಿನಲ್ಲಿ ಐದು ಸಲ ನಿಲ್ಲಿಸಿ ಹೊರಡಿ. ಕಂಡದ್ದನ್ನು ಕಂಡ ಹಾಗೆ ಬರೆದು, ತಪ್ಪು ಕಾರಿನದೆಂಬ ಒಂದು ಸಾಲನ್ನು ಲೈಸೆನ್ಸ್ ವಿಭಾಗಕ್ಕೂ ಒಂದು ಪ್ರತಿಯನ್ನು ಆಕೆಯ ಮನೆಗೂ ಕಳಿಸಿ. ಈ ತಿಂಗಳು ಮುಗಿಯುವುದರೊಳಗೆ ಕಳಿಸಿ, ಮುಂದಿನ ತಿಂಗಳ ಗಡುವಿಗೆ ಮೊದಲು ಆಕೆ ಪರೀಕ್ಷೆಗೆ ಕೂರಬೇಕು.

ಪರದೆ ಕಪ್ಪಾಗಿ ಕಾರು ತಮ್ಮನ್ನು ಹೊತ್ತು ಹಿಂದಕ್ಕೆ ಹೊರಟಾಗ ಹೆದರಬೇಡಿ, ನಾನು ಪಕ್ಕದಲ್ಲೇ ಇರುತ್ತೇನೆ, ಎರಡು ಕಾಲೂ ಹಾಕಿ ನಿಲ್ಲಿಸುತ್ತೇನೆ. ನಿಂತ ಮೇಲೆ ತಮ್ಮ ಕಾಲು ಎಲ್ಲಿತ್ತು ಎಂದು ಕೇಳುವುದಿಲ್ಲ. ಉಸಿರು ಸುಧಾರಿಸಿಕೊಳ್ಳುವವರೆಗೆ ಕಾದು, ಇದು ನಿಮ್ಮ ತಪ್ಪಲ್ಲ ಎಂದು ಹೇಳುತ್ತೇನೆ. ಅವತ್ತು ಏರಿನಲ್ಲಿ ಆಕೆಗೆ ನಾನು ಹೇಳಬೇಕಾಗಿದ್ದದ್ದೂ ಅಷ್ಟೇ.

ಇಂತಿ,
ತನ್ನ ಕೈಬರಹದಿಂದಲೇ ಸೋತು ನಿಂತ
ಒಬ್ಬ ಡ್ರೈವಿಂಗ್ ಮೇಷ್ಟ್ರು