ಕ್ವಿ ನ್ಯೋನ್‌ನಲ್ಲಿ ಮಗುಚಿದ ಮೀನು

ಅಕ್ಕಾ,
ಹನೋಯ್‌ನ ಅರ್ಧ ಬಾಡಿಗೆಗೆ ಇಲ್ಲಿ ಕಡಲ ಪಕ್ಕದಲ್ಲೇ ಕೋಣೆ ಸಿಕ್ಕಿದೆ. ಬಿಸಿಲಿಗೆ ಮೂಗು ಸುಲಿದಿರುವುದು ಬಿಟ್ಟರೆ ಆರೋಗ್ಯವಾಗಿದ್ದೇನೆ. ಮನೆಯೊಡತಿ ಸೆನ್ ಅಜ್ಜಿ ಊಟಕ್ಕೂ ತಮ್ಮ ಜೊತೆಗೇ ಕೂರಿಸಿಕೊಳ್ಳುತ್ತಾರೆ. ನಿನ್ನೆ ಮಧ್ಯಾಹ್ನ ಮೀನಿನ ಒಂದು ಮಗ್ಗುಲು ಮುಗಿಯಿತೆಂದು, ನಮ್ಮ ಬೆಟ್ಟದೂರಿನ ಅಭ್ಯಾಸದಂತೆ, ಅದನ್ನು ಮಗುಚಿ ಹಾಕಿದೆ. ಅಜ್ಜಿಯ ಊಟದ ಕಡ್ಡಿಗಳು ಅಲ್ಲೇ ನಿಂತವು.

“ನನ್ನ ಮಗ ಇನ್ನೂ ಕಡಲಲ್ಲಿದಾನೆ ಕಣಮ್ಮ. ಮೀನು ಮಗುಚಿದ್ರೆ ದೋಣಿ ಮಗುಚುತ್ತೆ ಅಂತೀವಿ ನಾವು. ಮುಳ್ಳು ಎತ್ತಿ ಕೆಳಗಿನದನ್ನ ತಿನ್ನಬೇಕು.”

ಬೈಯಲಿಲ್ಲ, ಆದರೆ ಆಮೇಲೆ ಒಂದು ತುತ್ತೂ ಮುಟ್ಟಲಿಲ್ಲ.

ಇವತ್ತು ಬೆಳಿಗ್ಗೆ ದೋಣಿ ಬಂತು. ಮಧ್ಯಾಹ್ನ ಅಜ್ಜಿ ಮಗನಿಗೆ ಮೀನು ಬಡಿಸಿ, ನನ್ನ ಮುಂದೆ ಮೊಟ್ಟೆ ದೋಸೆ ಇಟ್ಟರು.

“ಇದನ್ನ ಎಷ್ಟು ಬೇಕಾದ್ರೂ ಮಗುಚ್ಕೋ.”

ನಿನ್ನ ದಿಯೆಪ್