ಎರಡು ಡಿಸ್ಕಿಗೂ ಕುಂಕುಮ

೩ ಅಕ್ಟೋಬರ್, ಶುಕ್ರವಾರ

ಅಕ್ಷರ ಸೊಟ್ಟ, ಕಾಗುಣಿತವೂ ತಪ್ಪಿರಬಹುದು. ಓದುವವರಿಲ್ಲ, ಆದರೂ ಕ್ಷಮೆ ಇರಲಿ.

ಕಂಪ್ಯೂಟರಿನ ಎರಡು ಡಿಸ್ಕಿನಲ್ಲೂ ಇದ್ದದ್ದು ನನ್ನ ಮೂರು ವರ್ಷದ ಕಸೂತಿ ಡಿಸೈನುಗಳೇ, ಒಂದರಲ್ಲಿದ್ದದ್ದೇ ಇನ್ನೊಂದರಲ್ಲೂ. ಒಂದು ಕೆಟ್ಟಾಗ ರಿಪೇರಿಯ ಸಂಪತ್ ಅಣ್ಣ ಎರಡನ್ನೂ ಬಿಚ್ಚಿಟ್ಟು, ಕೆಟ್ಟದ್ದಕ್ಕೆ ಕೆಂಪು ಚುಕ್ಕೆ ಇಟ್ಟು, ಹೊಸದು ತರಲು ಹೋಗಿದ್ದರು. ಆಯುಧಪೂಜೆಗೆ ನಾನು ಎರಡನ್ನೂ ಚೆನ್ನಾಗಿ ಒರೆಸಿ, ಎರಡಕ್ಕೂ ಕುಂಕುಮ ಇಟ್ಟೆ.

ಇವತ್ತು ಬೆಳಿಗ್ಗೆ ಹೊಸದು ತಂದ ಸಂಪತ್ ಅಣ್ಣ ತಲೆ ಚಚ್ಚಿಕೊಂಡರು. “ಕೆಟ್ಟಿದ್ದು ಯಾವ್ದಮ್ಮಾ? ಕೆಟ್ಟಿದ್ರಿಂದ ಕಾಪಿ ಹೊಡೆದ್ರೆ ಒಳ್ಳೇದೂ ಹೋಗತ್ತೆ!”

“ಪೂಜೇಲಿ ಭೇದ ಮಾಡ್ಬಾರ್ದಲ್ವೇನಪ್ಪಾ,” ಅಂದರು ಅಮ್ಮ.

ಎರಡೂ ಒಂದೇ ಎಂದು ಸಂಪತ್ ಅಣ್ಣನೇ ಹೇಳಿದ್ದರು. ಒಂದೇ ಆದರೆ ಯಾವುದಾದರೇನು? ಎಷ್ಟು ಯೋಚಿಸಿದರೂ ತಿಳಿಯುತ್ತಿಲ್ಲ. ಎರಡನ್ನೂ ಅಂಗಡಿಗೆ ಒಯ್ದಿದ್ದಾರೆ, ಇನ್ನೂ ಫೋನ್ ಬಂದಿಲ್ಲ.

ಅವರು ಅತ್ತ ಹೋದ ಮೇಲೆ, ಒಂದು ಮಲ್ಲಿಗೆ ಬಳ್ಳಿಯನ್ನಾದರೂ ನೆನಪಿನಿಂದ ಕಾಗದದ ಮೇಲೆ ಬಿಡಿಸಲು ಕುಳಿತೆ. ಅರ್ಧ ಬಂತು.